ಅಂಗಾತ ಮಲಗಿದ ಅರ್ಧ ದಿನ

ಈ ಸಲ ನೋವು ಹೊಟ್ಟೆಯಲ್ಲಿ ಬರಲಿಲ್ಲ. ಸೊಂಟದಲ್ಲಿ ಬಂತು. ಬೆಳಗಿನ ರೊಟ್ಟಿ ಬಡಿಯುತ್ತಿದ್ದೆ. ಯಾರೋ ಬೆನ್ನಿಗೆ ಗುದ್ದಲಿಯ ಹಿಡಿ ಒತ್ತಿದಂತಾಯಿತು. ಹಂಚಿನ ಮೇಲಿದ್ದದ್ದನ್ನು ತಿರುವಿ ಹಾಕಿ, ಆಮೇಲೆ ಅತ್ತೆಯನ್ನು ಕರೆದೆ.

ನನಗೆ ಮೂವತ್ತೊಂಬತ್ತು. ಇದು ಐದನೆಯ ಬಸಿರು. ವಯಸ್ಸಾಗಿದೆ, ಮನೆಯಲ್ಲಿ ಬೇಡ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕುಂದಗೋಳದಾಚೆಯ ನಮ್ಮೂರಿನಿಂದ ಚಕ್ಕಡಿಯಲ್ಲಿ ಆಸ್ಪತ್ರೆಗೆ ಬಂದೆವು.

ನರ್ಸ್ ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿದರು. "ಮೊದಲಿನ ಕೂಸುಗಳನ್ನೂ ಹಿಂಗ ಮಲಗೇ ಹಡದೀರೇನ್ರಿ?"

"ಹೌದ್ರಿ."

ಸುಳ್ಳು.

ನಾಲ್ಕನ್ನೂ ಮನೆಯಲ್ಲಿ, ಗೋಣಿಚೀಲದ ಮೇಲೆ ಮೊಣಕಾಲೂರಿ, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಹೆತ್ತವಳು ನಾನು. ಬಿಳಿ ಸೀರೆಯ ಆ ಹೆಣ್ಣುಮಗಳ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು.

ಮಧ್ಯಾಹ್ನವಾಯಿತು. ಮಲಗಿದಷ್ಟೂ ಸೊಂಟ ಸೀಳುತ್ತಿತ್ತು, ಕೂಸು ಇಳಿಯಲಿಲ್ಲ. ಡಾಕ್ಟರು ನೋಡಿ, ಕೂಸಿನ ತಲೆ ಕೆಳಗೇ ಇದೆ, ಆದರೆ ಮುಖ ಬೆನ್ನಿನ ಕಡೆ ಇರದೆ ಹೊಟ್ಟೆಯ ಕಡೆ ಇದೆ, ಹೀಗೇ ನಿಂತರೆ ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸಬೇಕು ಎಂದರು. ಆಸ್ಪತ್ರೆಯ ಜೀಪು ಯಾವುದೋ ಹಳ್ಳಿಗೆ ಹೋಗಿತ್ತು, ಬರಲು ಒಂದು ತಾಸು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದರು. "ನರ್ಸಬಾಯಾರ, ಈಕಿ ಖರೇ ಹೇಳಿಲ್ಲ. ನಾಕೂ ಮೊಣಕಾಲ ಮ್ಯಾಲ ಹಡದಾಳ. ಹೆಣಾ ಮಲಗಿಸಿದಂಗ ಮಲಗಿಸೀರಿ, ಕೂಸರ ಹೆಂಗ ಇಳೀಬೇಕು?"

"ಖರೇನ್ರಿ?" ನರ್ಸ್ ನನ್ನ ಕಡೆ ತಿರುಗಿದರು.

"ಖರೇರಿ."

"ಮುಂಜಾನೇ ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

ಡಾಕ್ಟರನ್ನು ಕೇಳಿ ಬಂದು ನೆಲಕ್ಕೆ ಕಂಬಳಿ ಹಾಸಿದರು. "ನೆಲಾ ಸಾರಸ್ತೀರಲ್ಲ, ಹಂಗ ಕೈ ಊರ್ರಿ. ಹೊಟ್ಟಿ ಜೋತಬೀಳಲಿ."

ಇಷ್ಟು ವರ್ಷ ಸೆಗಣಿ ಸಾರಿಸಿದ ಮೈಗೆ ಅದನ್ನು ಕಲಿಸಬೇಕಾಗಿರಲಿಲ್ಲ. ಅತ್ತೆ ಸೊಂಟಕ್ಕೆ ಅಂಗೈ ಒತ್ತಿ ಹಿಡಿದರು. ನರ್ಸ್ ಬಗ್ಗಿ ಕೂಸಿನ ಎದೆಬಡಿತ ಕೇಳುತ್ತಲೇ ಇದ್ದರು. ಒಂದು ನೋವು. ಇನ್ನೊಂದು. ಬಹಳ ಹೊತ್ತಾದ ಮೇಲೆ ಒಳಗೆ ಏನೋ ಹೊರಳಿತು. ಬೆನ್ನು ಹಗುರಾಗಿ, ನೋವು ಮುಂದಕ್ಕೆ, ಕೆಳಕ್ಕೆ ಬಂತು.

ಜೀಪು ಬರುವ ಹೊತ್ತಿಗೆ ಮಗಳು ಅಳುತ್ತಿದ್ದಳು.

ಈಗ ಮೂರು ವಾರ. ಕುಳಿತರೆ ಬೆನ್ನಿನ ತುದಿ ಇನ್ನೂ ನೋಯುತ್ತದೆ. ಹುಟ್ಟುವಾಗ ಕೂಸಿನ ನೆತ್ತಿಗೆ ಬಂದಿದ್ದ ಬಾವು ಇಳಿದಿದೆ. "ಎಲ್ಲಾರಿಗೂ ಹಿಂಗ ತಿರಗತೈತಿ ಅಂತ ಹೇಳಾಕ ಬರೂದಿಲ್ರಿ" ಎಂದಿದ್ದಾರೆ ಡಾಕ್ಟರು. ಇರಬಹುದು. ಹುಬ್ಬಳ್ಳಿಗೆ ಹೋಗಿದ್ದರೂ ಉಳಿಯುತ್ತಿದ್ದೆವೇನೋ. ಆದರೆ ಒಂದು ಮಾತಿಗೆ ನಾಚಿ ಇವಳನ್ನು ಅರ್ಧ ದಿನ ಒಳಗೇ ಕಾಯಿಸಿದೆನಲ್ಲ, ಹಾಲು ಕುಡಿಸುವಾಗ ಅದು ನೆನಪಾಗುತ್ತದೆ.

ಮೊನ್ನೆ ನರ್ಸ್ ಮನೆಗೆ ಬಂದರು. ಅವರು ಚೀಲ ಇಳಿಸುವ ಮೊದಲೇ ಶುರುಮಾಡಿದೆ: ರಕ್ತ ಎಷ್ಟು ಹೋಗುತ್ತಿದೆ, ಹೊಲಿಗೆ ಎಲ್ಲಿ ಜಗ್ಗುತ್ತದೆ, ರಾತ್ರಿ ಎಷ್ಟು ಸಲ ಜ್ವರ ಬಂದಂತಾಯಿತು.

"ಸಾವಕಾಶ ಹೇಳ್ರಿ ಅಕ್ಕಾರ" ಎಂದರು, "ಬರಕೊಳ್ಳಾಕತ್ತೀನಿ."