ಗೆರೆಯಿಂದಲೇ ಹಾಕುತ್ತೇನೆಂದ ಶಿವಮ್ಮ

ನಮ್ಮ ಹೈಸ್ಕೂಲಿಗೆ ಇನ್ನೂ ಕಾಂಪೌಂಡು ಇರದ ಕಾಲ ಅದು. ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಸಂಜೆ ಹೊತ್ತಿಗೆ ನೇರ ನಮ್ಮ ಬಾಸ್ಕೆಟ್‌ಬಾಲ್ ಅಂಗಳಕ್ಕೇ ಬರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೋ, ಆ ವಾಸನೆ ಬಂದರೆ ಹಸಿವು. ಆಟ ಮುಗಿಸಿ ಖಾರದ ಪುರಿ ತಿನ್ನುವ ಹೊತ್ತೂ ಅದೇ ಆಗಿತ್ತು.

ನಾನು ಒಂಬತ್ತನೇ ಕ್ಲಾಸು, ಹುಡುಗಿಯರ ತಂಡದ ಕ್ಯಾಪ್ಟನ್. ಆಟಕ್ಕಿಂತ ಜಂಬವೇ ಹೆಚ್ಚಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಧನಗೆರೆಯ ಶಿವಮ್ಮ. ಹುಟ್ಟಿನಿಂದಲೇ ಅವಳ ಎಡಗಾಲು ಸಣ್ಣ. ಮೊಣಕಾಲಿನ ಮೇಲೆ ಕೈ ಊರಿಕೊಂಡು ನಡೆಯುತ್ತಿದ್ದಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಗಾಡಿಯ ಮೇಲೆ ನಿಂತ ಅಪ್ಪನ ಕೈಗೆ ಕೆಳಗಿನಿಂದ ಸೊಪ್ಪಿನ ಕಂತೆ ಎಸೆದೂ ಎಸೆದೂ ಅವಳ ತೋಳು ಗಟ್ಟಿಯಾಗಿತ್ತು. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ, ಅವಳ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ನನಗೆ.

ಆ ವರ್ಷ, ಅಂಗವಿಕಲರಿಗೆ ಗಾಲಿಕುರ್ಚಿ ಕೊಡಿಸಲೆಂದು ನಮ್ಮ ಶಾಲೆಯಲ್ಲಿ ಸಹಾಯಾರ್ಥ ಪಂದ್ಯ ಏರ್ಪಾಡಾಯಿತು. ನಮಗೂ ಯಳಂದೂರು ಕಡೆಯ ಹುಡುಗಿಯರಿಗೂ. ಪಿ.ಟಿ. ಮೇಷ್ಟ್ರು ಒಂದು ಹೊಸ ನಿಯಮ ಸೇರಿಸಿದರು. ಆಟದ ಕೊನೆಗೆ ಎರಡೂ ಕಡೆಯಿಂದ ಒಬ್ಬೊಬ್ಬ ಅಂಗವಿಕಲ ಹುಡುಗಿ ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಒಂದೇ ಒಂದು ಸಲ ಚೆಂಡು ಹಾಕಬೇಕು. ಬಿದ್ದರೆ ಎರಡು ಪಾಯಿಂಟು.

"ನಾನ್ ಆಕ್ತೀನಿ ಸಾ," ಅಂದಳು ಶಿವಮ್ಮ, ಅವರು ಕೇಳುವ ಮೊದಲೇ.

ಮೂರು ವಾರ ಬಿಡದೆ ಅಭ್ಯಾಸ ಮಾಡಿದಳು. ಮೊದಮೊದಲು ಚೆಂಡು ರಿಂಗಿಗೂ ತಾಗಲಿಲ್ಲ. ಆಮೇಲೆ ಹತ್ತಕ್ಕೆ ಐದಾರು ಬೀಳತೊಡಗಿತು. ಚೆಂಡು ಹೆಕ್ಕಿ ಕೊಡುವ ಕೆಲಸ ನನ್ನದು.

"ವಸಿ ಮುಂದಕ್ ಬಂದು ಆಕೇ, ಸಲೀಸಾಗಿ ಬೀಳ್ತದೆ," ಅಂದೆ ಒಂದು ದಿನ.

"ಊಂಹೂಂ. ನನ್ನ ನೋಡ್ದೋರೆಲ್ಲ ಪಾಪ ಅಂತಾರೆ ಕಣೆ. ಒಂದ್ ದಪ ಎಲ್ಲಾರ್ ಮುಂದೆ ಗೆರೆಯಿಂದ್ಲೆ ಆಕ್ಬುಟ್ರೆ ಬಾಯ್ ಮುಚ್ಕತಾರೆ."

ಪಂದ್ಯದ ದಿನ ಜನವೋ ಜನ. ಪಾನಕದ ಕೊಳಗದ ಸುತ್ತ ನೊಣ, ಮೇಜಿನ ಮೇಲೆ ಗೆದ್ದವರಿಗೆ ಕೊಡುವ, ಫಳಫಳ ಹೊಳೆಯುವ ಕಪ್ಪು. ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಹೇಗೆಂದು ನಾನು ಕನ್ನಡಿಯ ಮುಂದೆ ನೋಡಿಕೊಂಡೇ ಬಂದಿದ್ದೆ. ಆಟ ಮುಗಿದಾಗ ನಾವು ಒಂದೇ ಪಾಯಿಂಟು ಹಿಂದೆ. ಆ ತಂಡದ ಪರವಾಗಿ ಬಂದ ಹುಡುಗಿಗೆ ಒಂದು ಕೈ ಇರಲಿಲ್ಲ. ಗೆರೆಯಿಂದ ಒಂಟಿ ಕೈಯಲ್ಲೇ ಎಸೆದಳು, ಬೀಳಲಿಲ್ಲ. ಇನ್ನು ಶಿವಮ್ಮ ಹಾಕಿದರೆ ಕಪ್ಪು ನಮ್ಮದು.

ಅವಳು ಮೊಣಕಾಲಿಗೆ ಕೈ ಊರಿಕೊಂಡು ಹೊರಟಳೋ ಇಲ್ಲವೋ, ಸುತ್ತಲೂ "ಪಾಪ, ಪಾಪ" ಶುರುವಾಯಿತು. ನಮ್ಮ ಕಡೆ ಅದೇನು ಬೈಗುಳವಲ್ಲ. ಕುಂಟುವ ಕರುವಿಗೂ ಪಾಪ, ಬಸ್ಸು ತಪ್ಪಿದವನಿಗೂ ಪಾಪ. ತೀರ್ಪುಗಾರರಾಗಿ ಹನೂರಿನಿಂದ ಬಂದಿದ್ದ ವಯಸ್ಸಾದ ಮೇಷ್ಟ್ರ ಮನಸ್ಸೂ ಕರಗಿತು. ಅವಳ ರಟ್ಟೆ ಹಿಡಿದು ಗೆರೆ ದಾಟಿಸಿ, ರಿಂಗಿನ ಹತ್ತಿರಕ್ಕೆ ತಂದು ನಿಲ್ಲಿಸಿದರು.

"ಇಲ್ಲಿಂದ ಆಕವ್ವ, ಪಾಪ."

ದೊಡ್ಡವರ ಮಾತು. ಹಾಕಿದಳು. ಬಿತ್ತು. ಸೀಟಿ, ಚಪ್ಪಾಳೆ, ನಾನಂತೂ ಕುಣಿದೇ ಬಿಟ್ಟೆ.

ಶಿವಮ್ಮ ಚೆಂಡು ತರಿಸಿಕೊಂಡು ಮತ್ತೆ ಗೆರೆಯ ಹತ್ತಿರ ಹೋಗಿ ನಿಂತಿದ್ದಳು. "ಅದು ಲೆಕ್ಕಕ್ಕಿಲ್ಲ ಸಾ. ಆ ಹುಡ್ಗಿ ಗೆರೆಯಿಂದ ಆಕುದ್ಲು. ನಾನೂ ಇಲ್ಲಿಂದ್ಲೆ ಆಕ್ತೀನಿ."

"ಬಿದ್ದೋಯ್ತಲ್ಲವ್ವ, ಇನ್ನೇನು?"

"ಬ್ಯಾಡಿ ಸಾ."

ಹಾಕಿದಳು. ಚೆಂಡು ರಿಂಗಿನ ಅಂಚಿನಲ್ಲಿ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು. ಯಳಂದೂರಿನವರು ಗೆದ್ದರು. ಆ ಒಂಟಿ ಕೈಯ ಹುಡುಗಿ ಬಂದು ಅವಳ ಭುಜ ತಟ್ಟಿದಳು, ಇವಳು ನಕ್ಕಳು. ಆ ನಗು ಕಂಡು ನನಗೆ ಮೈಯೆಲ್ಲ ಉರಿಯಿತು. ಎಲ್ಲರ ಎದುರಿಗೇ ಹೋಗಿ, "ಕುಂಟಿಗ್ಯಾಕೆ ಬೇಕಿತ್ತು ಈ ದಿಮಾಕು?" ಅಂದೆ.

ಒಂದೇ ಬೆಂಚಿನಲ್ಲಿ ಕೂತ ಎರಡು ವರ್ಷದಲ್ಲಿ ಆ ಪದ ನನ್ನ ಬಾಯಲ್ಲಿ ಬಂದಿರಲಿಲ್ಲ. ಶಿವಮ್ಮ ಚೆಂಡನ್ನು ನನ್ನ ಕೈಗಿಟ್ಟು, ಬ್ಯಾಗು ತಗುಲಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮಾರನೆಯ ದಿನ ಬೇರೆ ಬೆಂಚಿನಲ್ಲಿ ಕೂತಿದ್ದಳು. ತಪ್ಪಾಯ್ತು ಅನ್ನಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ಹತ್ತನೇ ಕ್ಲಾಸೂ ಮುಗಿದುಹೋಯಿತು.

ಹೋದ ತಿಂಗಳು ಮಗಳಿಗೆ ಆದಾಯ ಪ್ರಮಾಣಪತ್ರ ಮಾಡಿಸಲೆಂದು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಶಿವಮ್ಮ ಕೂತಿದ್ದಳು. ಕೂದಲು ಅಲ್ಲಲ್ಲಿ ನೆರೆತಿದೆ.

"ಶಿವಮ್ಮ, ನಾನ್ ಕಣೆ, ಮಂಜುಳ."

"ಗೊತ್ತಾಯ್ತು. ಕೂತ್ಕೊಳಿ, ಐದ್ ನಿಮಿಷ," ಅಂದಳು. ಮನೆಯವರನ್ನೆಲ್ಲ ವಿಚಾರಿಸಿದಳು. ಮಗಳ ಹೆಸರಿನಲ್ಲಿ ತಪ್ಪಾಗಿದ್ದ ಒಂದು ಅಕ್ಷರವನ್ನು ತಾನೇ ಗುರುತಿಸಿ ಸರಿಮಾಡಿದಳು. ಪತ್ರ ಕೈಗೆ ಬಂದ ಮೇಲೂ ನನಗೆ ಏಳಲಾಗಲಿಲ್ಲ.

"ಶಿವಮ್ಮ, ಅವತ್ತು ಮ್ಯಾಚಿನ್ ದಿವ್ಸ ನಾನು..."

"ಅಯ್ಯೋ, ಅದೆಲ್ಲ ಬುಡಿ," ಅಂದಳು, ನಗುತ್ತಲೇ.

'ಬುಡೇ' ಅಂದಿದ್ದರೆ ಕ್ಷಮಿಸಿದ್ದಾಳೆ ಅಂದುಕೊಳ್ಳುತ್ತಿದ್ದೆ.