ನಾಲ್ಕು ಬೆರಳು ನೀರಿನ ಕೆಳಗೆ

ಪುಣೆಯ ಸ್ವಾರಗೇಟಿನಿಂದ ಭೋರ್‌ಗೆ ಹೋಗುವ ಆರೂವರೆಯ ಬಸ್ಸು ಏಳಕ್ಕೆ ಹೊರಟಿತು. ಅರವತ್ತೈದು ದಾಟಿದ ಪ್ರಜೆಗಳಿಗೆ ಇಲ್ಲಿಯ ಸರಕಾರ ಅರ್ಧ ಟಿಕೀಟಿನ ಗೌರವ ಕೊಟ್ಟಿದೆ. ನಾನು ಗುರುತಿನ ಚೀಟಿಗಾಗಿ ಜೇಬು ತಡಕುವಷ್ಟರಲ್ಲಿ ಕಂಡಕ್ಟರು ನನ್ನ ಮುಖ ನೋಡಿ ಅರ್ಧ ಟಿಕೀಟು ತೆಗೆದುಕೊಟ್ಟ. ಗೌರವಕ್ಕೂ ಒಂದು ಮಿತಿ ಇರಬೇಕು.

ಇದು ತೀರ್ಥಯಾತ್ರೆಯಾಗಿರಲಿಲ್ಲ. ಆರೋಪಿಯೊಬ್ಬ ಸಮನ್ಸು ಬರುವ ಮೊದಲೇ ತಾನಾಗಿ ಕಟಕಟೆ ಹತ್ತಲು ಹೊರಟಂತಿತ್ತು.

ಶಾರದಾ ನನ್ನ ತಂಗಿಯ ಮಗಳು. ಗದಗಿನ ಕಡೆಯ ಎರೆಹೊಲದಲ್ಲಿ ಜೋಳ ನೋಡಿ ಬೆಳೆದವಳು, ಭೋರಿನಾಚೆಯ ಗುಡ್ಡದೂರಿನ ಮರಾಠಿ ಮನೆಗೆ ಸೊಸೆಯಾಗಿ ಹೋಗಿ ಭತ್ತ ಕಲಿತಳು. ಗಂಡ ಹಾಲಿನ ಟೆಂಪೊ ಓಡಿಸುತ್ತಾನೆ. ಇರುವ ಒಂದು ಗದ್ದೆ ಅತ್ತೆ ಸೊಸೆಯರ ಕೈಯಲ್ಲಿ. ಹೋದ ವರ್ಷ ಅವಳ ಬೆನ್ನಿಗೆ ಆಪರೇಶನ್ ಆಯಿತು. ಕೂಡಬಹುದು, ನಡೆಯಬಹುದು, ಬಗ್ಗಬಾರದು ಎಂದು ಡಾಕ್ಟರರ ಅಪ್ಪಣೆ. ಆದರೆ ಆ ಊರಿನಲ್ಲಿ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ಇವಳು ಹತ್ತು ಮನೆಯ ಗದ್ದೆಯಲ್ಲಿ ಬಗ್ಗಿದರೆ ಹತ್ತು ಮನೆಯವರು ಇವಳ ಗದ್ದೆಗೆ ಬರುತ್ತಾರೆ. ಬಗ್ಗದವಳ ಗದ್ದೆಗೆ ಯಾರೂ ಬರುವುದಿಲ್ಲ. ಅತ್ತೆ ತಾನುಬಾಯಿ ಕಡೆಯ ಮಾತು ಆಡಿಯಾಗಿತ್ತು: ಈ ಸಲ ಪೈರು ಏಳದಿದ್ದರೆ ಗದ್ದೆಯನ್ನು ನೆರೆಮನೆಯ ಪಾಂಡುರಂಗನಿಗೆ ಪಾಲಿಗೆ ಕೊಡುವುದು. ಒಮ್ಮೆ ಪಾಲಿಗೆ ಹೋದ ಗದ್ದೆ ತಿರುಗಿ ಮನೆಗೆ ಬಂದದ್ದು ಅಲ್ಲಿ ಯಾರಿಗೂ ನೆನಪಿಲ್ಲ.

ಆಗ ನಾನು ಬಾಯಿ ಹಾಕಿದೆ. ಪುಣೆಯ ಮಾರ್ಕೆಟ್ ಯಾರ್ಡಿನ ಬೀಜದ ಅಂಗಡಿಯಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಭತ್ತದ ಕೆಸರಿಗೆ ಕಾಲಿಟ್ಟವನಲ್ಲ, ಆದರೆ ಚೀಲದ ಮೇಲೆ ಅಚ್ಚಾದ ಶಾಸ್ತ್ರದಲ್ಲಿ ಪಂಡಿತ. ನೀರಿನಡಿಯಲ್ಲೇ ಮೊಳೆಯುವ ತಳಿ ಬಂದಿದೆ. ಕೆಸರು ಮಾಡಿ ಬೀಜ ಚೆಲ್ಲು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸು. ಗಾಳಿಯಿಲ್ಲದೆ ಕಳೆಯ ಬೀಜ ಮಣ್ಣಲ್ಲೇ ಉಳಿಯುತ್ತದೆ, ಭತ್ತ ಉಸಿರು ಹಿಡಿದು ಮೇಲೆ ಬರುತ್ತದೆ. ನಾಟಿಯೂ ಇಲ್ಲ, ಕಳೆಯೂ ಇಲ್ಲ ಎಂದು ಉಪದೇಶ ಮಾಡಿ ಚೀಲವನ್ನೂ ಕಳಿಸಿದೆ. ಅದನ್ನು ಬಿತ್ತಿದ ಹನ್ನೊಂದನೆಯ ದಿನ ಶಾರದಾ ಫೋನ್ ಮಾಡಿದಳು.

“ಮಾಮಾ, ಗದ್ದ್ಯಾಗ ನೀರು ಅದ, ನೀರಾಗ ಆಕಾಶ ಅದ. ಭತ್ತ ಇಲ್ಲ.”

ಹಾಗಾಗಿ ಈ ಬಸ್ಸು.

ಕಾತ್ರಜ್ ದಾಟಿದ ಮೇಲೆ ಸಣ್ಣ ಮಳೆ ಹಿಡಿಯಿತು. ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದ ಕೂಡಲೇ ಗದ್ದೆಗಳು ಶುರುವಾದವು. ಎಲ್ಲರ ಸಸಿಮಡಿಗಳೂ ಹಚ್ಚಗಿದ್ದವು. ಇಲ್ಲಿಯವರು ಬೇಸಿಗೆಯಲ್ಲಿ ಸಸಿಮಡಿಯ ಮೇಲೆ ಸೊಪ್ಪು, ಸಗಣಿ ಹರವಿ ಸುಡುತ್ತಾರೆ. ಕಳೆಯ ಬೀಜ ಬೆಂದುಹೋಗುತ್ತದೆ. ಅಜ್ಜಂದಿರು ಬೆಂಕಿಯಿಂದ ಮಾಡಿದ್ದನ್ನು ನಾನು ನೀರಿನಿಂದ ಮಾಡಹೊರಟಿದ್ದೆ. ಪಕ್ಕದಲ್ಲಿ ಕುಳಿತ ಗಾಂಧಿಟೊಪ್ಪಿಗೆಯ ಹಿರಿಯರಿಗೆ ಇದನ್ನು ವಿವರಿಸಿದೆ. ಅವರು ಮರಾಠಿಯಲ್ಲಿ ಹೇಳಿದ್ದರ ತಾತ್ಪರ್ಯ: “ನಾವೂ ಪ್ರತಿ ವರ್ಷ ಗಣಪತೀನ ಮುಳುಗಸ್ತೀವಿ. ಮೊಳಕಿ ಬರಲಿ ಅಂತ ಅಲ್ಲ.”

ಭೋರಿನಲ್ಲಿ ಒಂದು ಮಿಸಳ್, ಎರಡು ಚಹಾ. ಅಲ್ಲಿಂದ ಒಂಬತ್ತು ಜನರ ಜೀಪಿನಲ್ಲಿ ಹದಿಮೂರು ಜನ, ಮುಕ್ಕಾಲು ಗಂಟೆ. ಹನ್ನೊಂದಕ್ಕೆ ಊರು ಮುಟ್ಟಿದೆ.

ತಾನುಬಾಯಿ ಹೊಸ್ತಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಪ್ಪತ್ತರ ಹೆಂಗಸು, ನಡ ಗಟ್ಟಿ. ಅವರದೆಲ್ಲ ಮರಾಠಿ, ಇಲ್ಲಿ ನಮ್ಮ ಮನೆಯ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಬರ್ರಿ ಭಾವು. ನಾಲ್ಕು ಬೆರಳು ನೀರು ಅಂದ್ರೆಲ್ಲ, ಯಾರ ಬೆರಳು? ನಿಮ್ಮುವೋ, ನನ್ನುವೋ?”

ಚೀಲದ ಮೇಲೆ ಅದು ಅಚ್ಚಾಗಿರಲಿಲ್ಲ.

ಅಕ್ಕಿ ಭಾಕರಿ, ಕಡಲೆಹಿಟ್ಟಿನ ಪಿಠ್ಲ ಉಂಡು ಗದ್ದೆಗೆ ಹೋದೆ. ಶಾರದಾ ಹೇಳಿದ್ದು ಅಕ್ಷರಶಃ ನಿಜ. ಮನೆಗೆ ಬಂದೆ, ಮತ್ತೆ ಹೋದೆ. ಮೂರನೆಯ ಸಲ ಚಪ್ಪಲಿ ಮೆಟ್ಟುವಾಗ ಶಾರದಾ ಕೇಳಿದಳು, “ಮಾಮಾ, ನೀವು ನೋಡಿದ್ರ ಅದು ಲಗೂನ ಏಳತದೇನು?” ನಗುತ್ತಲೇ ಕೇಳಿದಳು. ಆದರೆ ಬಾಗಿಲ ಚೌಕಟ್ಟು ಹಿಡಿದ ಕೈಯನ್ನು ಬಿಟ್ಟಿರಲಿಲ್ಲ.

ನಾಲ್ಕರ ಸುಮಾರಿಗೆ ಮಳೆ ನಿಂತು ಬಿಸಿಲು ಬಿತ್ತು. ಐದನೆಯ ಸಲ ಹೋದಾಗ, ಗದ್ದೆಯ ಮೇಲ್ಮಗ್ಗುಲಲ್ಲಿ ನೀರಿನ ಮೇಲೆ ಹಸಿರು ಸೂಜಿಗಳು. ಒಂದಲ್ಲ ಎರಡಲ್ಲ, ನೂರಾರು. ಬದುವಿನ ಮೇಲೆ ನಿಂತು ನಾನು ಎಣಿಸತೊಡಗಿ, ಎಪ್ಪತ್ತಕ್ಕೆ ಬಿಟ್ಟೆ. ಆಮೇಲೆ ಫೋಟೋ ತೆಗೆದು ಅಂಗಡಿಯ ಹಳೆಯ ಮಿತ್ರರ ಗುಂಪಿಗೆ ಕಳಿಸಿದೆ. ಹಾರ ಹಾಕಿದ ಚಿತ್ರಗಳು, ಮುಗಿದ ಕೈಗಳು ಬಂದವು. ಒಬ್ಬರು ನನ್ನನ್ನು “ಕೃಷಿಋಷಿ” ಎಂದರು, ನಾನು ವಿರೋಧಿಸಲಿಲ್ಲ. ಮನೆಗೆ ಹೋಗಿ ಸುದ್ದಿ ಹೇಳಿದೆ. ಶಾರದಾ ಒಳಗೆ ಹೋಗಿ ರವೆ ಹುರಿಯತೊಡಗಿದಳು. ಶಿರಾದ ವಾಸನೆಗೋ ಸುದ್ದಿಗೋ, ಪಾಂಡುರಂಗನೂ ಬಂದ. ಐವತ್ತರ ಮೃದುಮಾತಿನ ಮನುಷ್ಯ. ಶಿರಾದ ಬಟ್ಟಲು ಹಿಡಿದುಕೊಂಡೇ ಎಲ್ಲರೂ ಗದ್ದೆಗೆ ನಡೆದೆವು.

ತಾನುಬಾಯಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಒಂದು ಸೂಜಿಯನ್ನು ಬುಡಸಮೇತ ಎತ್ತಿ, ನೀರಲ್ಲಿ ಅಲುಗಾಡಿಸಿ, ಬೇರನ್ನು ನನ್ನ ಮುಖದ ಹತ್ತಿರ ಹಿಡಿದರು.

“ಭತ್ತದ ಹೊಟ್ಟು ಎಲ್ಲದ ತೋರಸ್ರಿ.”

ಎಳೆ ಸಸಿಯ ಬುಡದಲ್ಲಿ ಅದರ ಭತ್ತದ ಸಿಪ್ಪೆ ಜೋತಿರುತ್ತದೆ. ಇದರ ಬುಡದಲ್ಲಿದ್ದದ್ದು ಎಳ್ಳಿಗಿಂತ ಸಣ್ಣ ಕಾಳು. ಊದಲಿನ ಜಾತಿಯ ಹುಲ್ಲು. ಭತ್ತದ ಪಕ್ಕದಲ್ಲೇ ಭತ್ತದ ವೇಷದಲ್ಲೇ ಬೆಳೆಯುತ್ತದೆ. ಉಸಿರು ಹಿಡಿಯುವ ವಿದ್ಯೆ ಇದಕ್ಕೂ ಅಷ್ಟಿಷ್ಟು ಗೊತ್ತು. ನೀರು ತೆಳುವಾಗಿದ್ದರೆ ಮುಳುಗುವುದೇ ಇಲ್ಲ. ತಾನುಬಾಯಿ ಹತ್ತು ಕಿತ್ತರು. ಏಳು ಹುಲ್ಲು, ಮೂರು ಭತ್ತ. ಮೂವತ್ತು ವರ್ಷ ಬೀಜವನ್ನೂ ಕಳೆನಾಶಕವನ್ನೂ ಒಂದೇ ಕೌಂಟರಿನಿಂದ ಮಾರಿದ ನಾನು, ಕಳೆಗೆ ಅಭಿನಂದನೆ ಸ್ವೀಕರಿಸಿದ್ದೆ.

“ಗದ್ದಿ ಸಮ ಆಗಿಲ್ಲ,” ಎಂದರು ತಾನುಬಾಯಿ. “ಇತ್ತ ಎರಡ ಬೆರಳು ನೀರು, ಅತ್ತ ಐದು. ನನ್ನ ಮಗ ಹಾಲಿಗೆ ಹೊತ್ತಾಗತದಂತ ಹಲಗಿ ಎಳದು ಓಡಿದ.”

ಪಾಂಡುರಂಗ ಮೆಲ್ಲಗೆ ಅಂದ, “ಕಾಕೂ, ಇನ್ನೂ ಹೊತ್ತು ಮೀರಿಲ್ಲ. ನನ್ನ ಕಡೆ ಸಸಿ ಹೆಚ್ಚಿಗಿ ಅದಾವ. ನಾಡಿದ್ದು ಹೂಡಿ ನಾಟಿ ಮಾಡತೀನಿ.”

ಶಾರದಾ ನೀರನ್ನೇ ನೋಡುತ್ತಿದ್ದಳು. ಅವಳ ಕೈಯ ಶಿರಾದ ಬಟ್ಟಲು ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. ಉಳಿದಿರಬಹುದಾದ ಭತ್ತಕ್ಕಾದರೂ ಗಾಳಿಯಾಡಲಿ ಎಂದು ಬದುವಿನ ಕಂಡಿಗೆ ಒತ್ತಿದ್ದ ಕಲ್ಲಿಗೆ ಕೈ ಹಾಕಿದೆ.

“ಮುಟ್ಟಬ್ಯಾಡ್ರಿ!”

ತಾನುಬಾಯಿ ಆ ದಿನ ಧ್ವನಿ ಏರಿಸಿದ್ದು ಅದೊಂದೇ ಸಲ. “ನೀರು ಬಿಟ್ರ ಮಣ್ಣಾಗಿನ ಕಸಾ ಎಲ್ಲಾ ಎದ್ದು ಕೂಡತದ. ಮುಳಗಸೂದಂತೂ ಮುಳಗಿಸೀರಿ, ಪೂರಾ ನೋಡ್ರಿ.”

ಅವರು ಕೆಳಗಿನ ಮೂಲೆಗೆ, ನೀರು ಆಳವಿದ್ದ ಕಡೆಗೆ ನಡೆದರು. ಬಗ್ಗಿ ಅಂಗೈಯನ್ನು ಕೆಸರಿನ ಮೇಲೆ ಹರಿಸಿದರು. ಆ ಜಾಗ ಬಿಟ್ಟು ಇನ್ನೊಂದು ಕಡೆ, ಮತ್ತೊಂದು ಕಡೆ. ಕೊನೆಗೆ ಬೊಗಸೆ ಎತ್ತಿದರು. ನೀರು ಸೋರಿಹೋದ ಮೇಲೆ ಉಳಿದದ್ದು ಬಿಳಿಯ ದಾರದಂಥ ನಾಲ್ಕಾರು ಎಳೆಗಳು. ಪ್ರತಿಯೊಂದರ ಬುಡಕ್ಕೂ ಭತ್ತದ ಸಿಪ್ಪೆ.

“ಬಂದಾವ,” ಎಂದರು. “ಮ್ಯಾಲ ಬರಾಕ ನಾಕ ದಿನ ಬೇಕು. ಇತ್ತ ಹುಲ್ಲಿಲ್ಲ.” ಆಮೇಲೆ ಪಾಂಡುರಂಗನ ಕಡೆ, “ಮ್ಯಾಲಿನ ಮಗ್ಗುಲ ನಾಳಿಗೆ ನೋಡೂಣು.”

ನೋಡುವುದೆಂದರೆ ಕೀಳುವುದು. ಕೀಳುವುದೆಂದರೆ ಬಗ್ಗುವುದು. ಆ ರಾತ್ರಿ ಮಲಗಿದ್ದಲ್ಲೇ ಹೊರಳಾಡುತ್ತ, ನಾನೇ ಬಗ್ಗುತ್ತೇನೆಂದು ನಿರ್ಧರಿಸಿದೆ. ಬೆಳಿಗ್ಗೆ ಬಗ್ಗಿಯೂ ಬಗ್ಗಿದೆ. ಅರ್ಧ ಗಂಟೆಯಲ್ಲಿ ನಾನು ಕಿತ್ತದ್ದನ್ನು ತಾನುಬಾಯಿ ಪರಿಶೀಲಿಸಿದರು. ಬಹುಪಾಲು ಭತ್ತ. ನನ್ನನ್ನು ಮಾನಮರ್ಯಾದೆಯಿಂದ ಬದುವಿನ ಮೇಲೆ ಕೂರಿಸಿದರು.

ಅಷ್ಟರಲ್ಲಿ ಶಾರದಾ ಕೆಸರು ಸಮ ಮಾಡುವ ಹಲಗೆಯನ್ನು ಎಳೆದುಕೊಂಡು ಬಂದಳು. ಅದನ್ನು ಕೆಸರಿನ ಮೇಲೆ ಜಾರುವಂತೆ ಇಟ್ಟು, ಮೇಲೆ ಗೋಣಿಚೀಲ ಮಡಚಿಟ್ಟು, ಕುಳಿತುಬಿಟ್ಟಳು.

“ನಮ್ಮೂರಾಗ ಜ್ವಾಳದ ಕಸಾ ಕುಂತ ತಗೀತೀವಿ, ಅತ್ತಿ.”

“ಭತ್ತದ ಗದ್ದ್ಯಾಗ ಯಾರೂ ಕೂಡೂದಿಲ್ಲ,” ಎಂದರು ತಾನುಬಾಯಿ. “ಜನಾ ನಗತಾರ.”

“ನಗಲಿ. ಡಾಕ್ಟರು ಕೂಡಬಹುದು ಅಂದಾರ.”

ಬೆರಳ ತುದಿಯಿಂದ ಎಲೆ ಮುಟ್ಟುತ್ತ ಹೋದಳು: ತರಿತರಿಯಾದರೆ ಭತ್ತ, ನುಣುಪಾದರೆ ಹುಲ್ಲು. ಅತ್ತೆಯೇ ಕಲಿಸಿದ ಪಾಠ. ಕಾಲಿಂದ ಒದ್ದು ಒಂದು ಮೊಳ ಹಿಂದೆ ಸರಿಯುವಳು, ಮತ್ತೆ ಕೀಳುವಳು. ತಾನುಬಾಯಿ ಒಂದು ತಾಸು ಬಗ್ಗಿ ಕಿತ್ತರು. ಆಮೇಲೆ ನಡ ಹಿಡಿದು ನಿಂತರು. ದಾರಿಯ ಎರಡೂ ಕಡೆ ನೋಡಿದರು. “ಆ ಕಡೆ ಸರಿ,” ಎಂದು ಹಲಗೆಯ ಇನ್ನೊಂದು ತುದಿಗೆ ಕುಳಿತರು.

ಹನ್ನೊಂದಕ್ಕೆ ಜೀಪು ಬಂತು. ನಾನು ಹತ್ತುವ ಹೊತ್ತಿಗೆ ಪಾಂಡುರಂಗ ಬದುವಿನ ಮೇಲೆ ಬಂದು ನಿಂತಿದ್ದ.

“ಕಾಕೂ, ಪಾಲಿನ ಮಾತು ಏನು ಮಾಡಿದ್ರಿ?”

ತಾನುಬಾಯಿ ತಲೆ ಎತ್ತಲಿಲ್ಲ. ಕಿತ್ತ ಹುಲ್ಲಿನ ಬುಟ್ಟಿಯನ್ನು ನೀರ ಮೇಲೆ ಅವನ ಕಡೆ ನೂಕಿದರು.

“ಸದ್ಯ ಇಷ್ಟು ಒಯ್ಯಿ, ಎಮ್ಮಿಗೆ ಹಾಕು. ಗದ್ದಿ ಖಾಲಿ ಇಲ್ಲೋ. ಜನಾ ಕುಂತಾರ, ಕಾಣೂದಿಲ್ಲೇನು?”

ಜೀಪು ತಿರುವಿಗೆ ಬಂದಾಗ ಹೊರಗೆ ಕತ್ತು ಚಾಚಿ ನೋಡಿದೆ. ಪಾಂಡುರಂಗ ಬುಟ್ಟಿ ಹೊತ್ತು ಬದುವಿನ ಮೇಲೆ ಜಾರದಂತೆ ನಡೆಯುತ್ತಿದ್ದ. ಹಲಗೆ ಇನ್ನೊಂದು ಮೊಳ ಹಿಂದಕ್ಕೆ ಸರಿಯಿತು.