ಹಲಗೆಯ ಮೇಲೆ ಇಳಿಸಿದ ಮೂಟೆ

ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ನಾನು ಬೆಲ್ಲದ ಮೂಟೆ ಹೊರುತ್ತಿದ್ದಾಗ ನಮ್ಮ ನಮ್ಮಲ್ಲೇ ಒಂದು ಕಟ್ಟಳೆ ಇತ್ತು. ಲಾರಿಗೆ ಹತ್ತುವ ಹಲಗೆಯ ಮೇಲೆ ಅರ್ಧಕ್ಕೇ ಮೂಟೆ ಇಳಿಸಿದವನು ಸಾಲಿನ ಕೊನೆಗೆ ಹೋಗಬೇಕು. ಹನ್ನೊಂದು ವರ್ಷ ನಾನೇ ಸಾಲಿಗೆ ಮೊದಲು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಬೇರೆ ಸರ್ಟಿಫಿಕೇಟು ಇರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಅರೆತಲೆನೋವು ಹಿಡಿಯಿತು. ಬಂತೆಂದರೆ ಬಿಸಿಲು ಆಗದು, ಬೆಲ್ಲದ ವಾಸನೆಗೇ ವಾಂತಿ. ಆರ್.ಟಿ. ನಗರದ ಡಾಕ್ಟರು ಏನು ಕೆಲಸ ಅಂತ ಕೇಳಿದರು. "ಗೂಡ್ಸ್ ಶೆಡ್ಡಲ್ಲಿ ಸಾರ್" ಅಂದೆ. ಹಮಾಲಿ ಅನ್ನಲಿಲ್ಲ. ಗುಮಾಸ್ತ ಅಂದುಕೊಂಡರೋ ಏನೋ, ದಿನಾ ನುಂಗಲು ಮಾತ್ರೆ ಬರೆದುಕೊಟ್ಟರು.

ತಿಂಗಳೆರಡರಲ್ಲಿ ತಲೆನೋವು ಬಿಟ್ಟಿತು. ಜೊತೆಗೆ ಕಸುವೂ ಬಿಟ್ಟಿತು. ಅರ್ಧ ಹಲಗೆಗೇ ಕಾಲು ಸೋಲುತ್ತಿತ್ತು.

ನನ್ನ ಬೆನ್ನಿಗೆ ಮೂಟೆ ಎತ್ತಿಕೊಡುತ್ತಿದ್ದ ಹುಬ್ಬಳ್ಳಿ ಕಡೆಯ ಗೆಳೆಯ ನಕ್ಕ. "ಏನೋ ದೋಸ್ತ, ಮದುಮಗಳ ಹಂಗ ಹೆಜ್ಜಿ ಇಡಾಕತ್ತಿ?"

"ಹಲಗೆ ಜಾರ್ತಿದೆ ಕಣೋ."

ಮಾತ್ರೆಯ ಸುದ್ದಿ ಎತ್ತಲಿಲ್ಲ. ಕಸುವು ತಿಂದದ್ದು ಅದೇ ಅನ್ನಿಸಿ, ಯಾರನ್ನೂ ಕೇಳದೆ, ಒಂದು ಸೋಮವಾರ ಅದನ್ನು ನಿಲ್ಲಿಸಿಬಿಟ್ಟೆ.

ಗುರುವಾರ, ಮೂರನೇ ಮೂಟೆ. ಹಲಗೆಯ ನಡುವೆ ಎದೆ ದಬದಬ ಹೊಡೆದುಕೊಂಡಿತು, ಹಿಂದೆಯೇ ಬಿಗಿತ. ಮೂಟೆ ಇಳಿಸಿ ಅದರ ಮೇಲೇ ಕೂತೆ. ಹಿಂದಿನ ಸಾಲು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೆಳೆಯನೇ ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದ. ಇಸಿಜಿ ನೋಡಿ, ಪ್ರಾಣಕ್ಕೇನೂ ಅಪಾಯವಿಲ್ಲ ಅಂದರು. ಆಮೇಲೆ ಮೂಟೆ ಹೊರುವುದು, ಮಾತ್ರೆ ಬಿಟ್ಟದ್ದು ಎರಡನ್ನೂ ಬಾಯಿಬಿಡಿಸಿದರು.

"ಅದು ಎದೆಬಡಿತ ನಿಧಾನ ಮಾಡೋ ಮಾತ್ರೆ ಕಣ್ರೀ. ಅದಕ್ಕೇ ಸುಸ್ತು. ಹಿಂಗೆ ಒಂದೇ ಸಲ ಬಿಟ್ರೆ ಎದೆ ಲಂಗುಲಗಾಮಿಲ್ದೆ ಓಡುತ್ತೆ. ಮೂಟೆ ಹೊರ್ತೀನಿ ಅಂತ ಮೊದಲೇ ಹೇಳೋಕೇನಾಗಿತ್ತು?"

ಗೆಳೆಯ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡ. "ನನಗೂ ಹೇಳಲಿಲ್ಲಲೋ" ಅಂದ, ಅಷ್ಟೆ.

ಡಾಕ್ಟರು ಮಾತ್ರೆ ಕಮ್ಮಿ ಮಾಡಿ ಮತ್ತೆ ಶುರು ಮಾಡಿದರು. ಎರಡು ವಾರ ಮನೆಯಲ್ಲಿ ಮಲಗಿದ್ದು, ಅವರು ಹ್ಞೂ ಅಂದ ಮೇಲೆ ಶೆಡ್ಡಿಗೆ ಹೋದೆ. ಯಾರೂ ಏನೂ ಅನ್ನುವ ಮೊದಲೇ ಸಾಲಿನ ಕೊನೆಗೆ ನಡೆದೆ. ಗೆಳೆಯ ಮೂಟೆ ಎತ್ತಿಕೊಡಲು ಅಲ್ಲಿಗೂ ಬಂದ.

"ಮುಂದ ಹೋಗಪಾ, ಯಾರೂ ಏನೂ ಅನ್ನಂಗಿಲ್ಲ."

"ಬೇಡ ಕಣೋ. ಇಲ್ಲಿ ನನ್ನ ಹಿಂದೆ ಯಾರೂ ಕಾಯ್ತಿರಲ್ಲ. ಎತ್ತು."